ಎಣಿಸದೆ ಬಿಟ್ಟ ಭಾನುವಾರಗಳು

ಸಾಗರ
ನವೆಂಬರ್ ೨೩, ಭಾನುವಾರ, ಮಧ್ಯಾಹ್ನ. ಪಿಎಚ್‌ಡಿ ಅರ್ಜಿ ಕಳಿಸಲು ಇನ್ನು ಎಂಟು ದಿನ. ಮೇಜಿನ ಮೇಲೆ ನಿನ್ನ ನೋಟ್‌ಬುಕ್ ತೆರೆದೇ ಇದೆ.

ದೊಡ್ಡಮ್ಮಾ,

ಮಂಡಗದ್ದೆಯ ಹೊಳೆದಂಡೆಯಲ್ಲಿ ನಿನ್ನ ಪಕ್ಕ ನಿಂತಿದ್ದ ಒಂದು ಬೆಳಗ್ಗೆ ನೆನಪಾಗುತ್ತಿದೆ. ಶಾಲೆಯಿಂದ ನಿವೃತ್ತಳಾದ ಮೇಲೆ ನೀನು, ಹಕ್ಕಿಗಳು ಮರಿಮಾಡುವ ತಿಂಗಳುಗಳಲ್ಲಿ, ಪ್ರತಿ ಭಾನುವಾರ ಅದೇ ಕಲ್ಲಿನ ಮೇಲೆ ನಿಂತು ನಡುಗಡ್ಡೆಯ ಗೂಡುಗಳನ್ನು ಎಣಿಸುತ್ತಿದ್ದೆ. ನಿನ್ನ ಮೊಬೈಲಿನಲ್ಲಿ ಒಂದು ಫೋಟೋವನ್ನೂ ನೀನೇ ತೆಗೆಯುತ್ತಿದ್ದೆ. ಅವತ್ತು ದಟ್ಟ ಮಂಜು, ಗೂಡುಗಳು ಸರಿಯಾಗಿ ಕಾಣುತ್ತಿರಲಿಲ್ಲ. ನೀನು ಫೋಟೋ ತೆಗೆದು, ನೋಟ್‌ಬುಕ್ಕಿನಲ್ಲಿ ದಿನಾಂಕ ಬರೆದು, ಎಣಿಕೆಯ ಜಾಗ ಖಾಲಿ ಬಿಟ್ಟೆ.

“ಅಂದಾಜು ಹಾಕು ದೊಡ್ಡಮ್ಮ.”

“ಕಾಣ್ದೆ ಇದ್ದಿದ್ದನ್ನ ಎಂತ ಬರೀಲಿ ಮಾರಾಯ್ತಿ? ನಿನ್ನ ಕಂಪ್ಯೂಟರ್ ಬರ್ಕೊಳ್ಳುತ್ತೇನೋ. ಅದಕ್ಕೆ ನಾಚಿಕೆ ಇಲ್ಲ.”

ನೀನು ಹೋದ ಮೇಲೆ ನಡೆದದ್ದು ಇದು. ಕಾಲೇಜಿನಲ್ಲಿ ಪಾಠ ಮಾಡಿದ್ದು ಬಿಟ್ಟರೆ ನನಗೆ ಸಂಶೋಧನೆಯ ಅನುಭವವಿರಲಿಲ್ಲ. ಅದಿಲ್ಲದೆ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಗೆ ಸೀಟು ಸಿಗುವುದು ಕಷ್ಟ. ಎಷ್ಟೋ ಪ್ರೊಫೆಸರುಗಳಿಗೆ ಮೇಲ್ ಬರೆದೆ. ದೂರದ ಊರಿನವರೊಬ್ಬರು ಮಾತ್ರ ಫೋನ್ ಮಾಡಿ, “ನಿಮ್ಮೂರಲ್ಲೇ ಸಿಗೋ ಒಂದು ಪ್ರಶ್ನೆ ಹಿಡ್ಕೊಳ್ಳಿ, ನಾನು ನೋಡ್ತೀನಿ” ಅಂದರು. ನಿನ್ನ ಫೋಟೋಗಳಲ್ಲಿ ಗೂಡು ಎಣಿಸುವ ಪ್ರೋಗ್ರಾಮ್ ಬರೆದು, ಅದರ ಎಣಿಕೆಯನ್ನು ನಿನ್ನ ಎಣಿಕೆಯ ಜೊತೆ ಹೋಲಿಸಿದೆ. ಚೆನ್ನಾಗಿ ಹೊಂದಿತು. ಶಿಫಾರಸು ಪತ್ರ ತಾವೇ ಬರೆದುಕೊಡುವುದಾಗಿ ಅವರು ಹೇಳಿದರು.

ನಿನ್ನೆ ನಿನ್ನ ನೋಟ್‌ಬುಕ್ಕನ್ನೂ ಹೋಲಿಕೆಗೆಂದು ನಾನು ಮಾಡಿದ್ದ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ನೀನು ಖಾಲಿ ಬಿಟ್ಟ ಭಾನುವಾರಗಳಿಗೂ ನನ್ನ ಪಟ್ಟಿಯಲ್ಲಿ ಸಂಖ್ಯೆಗಳಿವೆ. ಶುರುವಿನಲ್ಲಿ, ಪಟ್ಟಿ ಪೂರ್ತಿಯಾಗಿರಲಿ ಎಂದು, ಪ್ರೋಗ್ರಾಮ್ ಹೇಳಿದ್ದನ್ನೇ ನಿನ್ನ ಎಣಿಕೆಯ ಜಾಗದಲ್ಲಿ ತುಂಬಿದ್ದೆ. ಆಮೇಲೆ ಮರೆತೆ. ಅಂದರೆ ಆ ದಿನಗಳಲ್ಲಿ ಪ್ರೋಗ್ರಾಮನ್ನು ಅದರೊಂದಿಗೇ ಹೋಲಿಸಿದ್ದೇನೆ. ಆ ದಿನಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಹೊಂದಿಕೆ ಅಷ್ಟೇನೂ ಇಲ್ಲ.

ನೀನು ಓದಲು ಕೊಟ್ಟಿದ್ದ ಅನುವಾದದ ಕಾದಂಬರಿಯೊಂದರಲ್ಲಿ ಅನುವಾದಕರದೇ ಅಡಿಟಿಪ್ಪಣಿಯೊಂದಿತ್ತು, ನೆನಪಿದೆಯಾ? ಮೂಲ ಹಸ್ತಪ್ರತಿಯಲ್ಲಿ ಇಲ್ಲಿ ಎರಡು ಸಾಲು ಅಳಿಸಿಹೋಗಿವೆ, ಹಾಗಾಗಿ ಬಿಟ್ಟಿದ್ದೇನೆ ಎಂದು. ಆ ಪುಟದಿಂದಾಚೆಗೆ ಆ ಅನುವಾದಕರ ಪ್ರತಿ ಮಾತನ್ನೂ ನಂಬಿ ಓದಿದೆ. ನಾನು ಮಾತ್ರ…

ಹೇಳಿದರೆ ಅವರು ಪತ್ರ ಕೊಡದೆ ಹೋಗಬಹುದು, ಈ ವರ್ಷ ಅರ್ಜಿಯೇ ಇಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ನಾನು ಮಾಡಿದ್ದು ಸಂಶೋಧನೆಯೇ? ನಿಜಕ್ಕೂ ಮರೆತೆನೇ, ಅಥವಾ ಮರೆಯುವುದು ಅನುಕೂಲವಾಗಿತ್ತೇ? ನೀನಿದ್ದಿದ್ದರೆ ಬೈದು, ಆಮೇಲೆ…

ನಾಳೆ ಮೊದಲ ತರಗತಿಗೆ ಮುಂಚೆ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳುವುದೆಂದು ನಿರ್ಧರಿಸಿದ್ದೇನೆ. ಅದಕ್ಕೂ ಮೊದಲು ಪಟ್ಟಿಯಿಂದ ಆ ಭಾನುವಾರಗಳ ಸಂಖ್ಯೆಗಳನ್ನು ಅಳಿಸಬೇಕು. ಇನ್ನೂ ಅಳಿಸಿಲ್ಲ.