ಪರಿಚಯವಿಲ್ಲ ಎಂದೆ

ಅಮ್ಮ,

ನೀನು ಹನ್ನೊಂದು ವರ್ಷ ತೊಳೆದ ಕಾಲೇಜಿನ ಶೌಚಾಲಯವನ್ನು ಇವತ್ತು ನಾನೂ ತೊಳೆದೆ. ಹೊಟ್ಟೆಪಾಡಿಗಲ್ಲ, ಪಾಠಕ್ಕೆ. ಸಾಮಾಜಿಕ ನ್ಯಾಯವನ್ನು ಅನುಭವದಿಂದಲೇ ಕಲಿಯಬೇಕೆಂದು ನಮ್ಮ ಮೇಡಂ ಇಪ್ಪತ್ತು ವಿದ್ಯಾರ್ಥಿಗಳಿಗೂ ಬ್ರಷ್ ಕೊಟ್ಟರು. ಜೊತೆಗೆ ಹೊಸ ಕೈಗವಸು. ಅದನ್ನು ಕೇಳಿದ್ದಕ್ಕೇ ಅಲ್ಲವೇ ನಿನ್ನನ್ನು ಕೆಲಸದಿಂದ ತೆಗೆದದ್ದು?

ಒಂದು ಗಂಟೆಯಾದ ಮೇಲೆ ಅನುಭವ ಹೇಳಿಕೊಳ್ಳಲು ಎಲ್ಲರೂ ದುಂಡಗೆ ಕೂತೆವು. ಒಬ್ಬಳು ಗೊಳೋ ಎಂದು ಅತ್ತಳು, ಉಳಿದವರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬ್ರಷ್‌ಗಳನ್ನು ಒಯ್ಯಲು ದೊಡ್ಡಮ್ಮ ಬಂದಳು. ನಿನ್ನ ಜೊತೆ ಕೆಲಸ ಮಾಡುತ್ತಿದ್ದ, ಎಷ್ಟೋ ಸಲ ನನ್ನ ತಲೆ ಬಾಚಿದ, ನೆಂಟಳಲ್ಲದಿದ್ದರೂ ನಾನು ಹಾಗೆ ಕರೆಯುತ್ತಿದ್ದ ಅದೇ ದೊಡ್ಡಮ್ಮ. ನನ್ನನ್ನು ನೋಡಿ ನಿಂತುಬಿಟ್ಟಳು.

"ನನ್ ಜೊತೆ ಇಲ್ಲಿ ಕೆಲ್ಸ ಮಾಡ್ತಿದ್ದೋಳ ಮಗಳಲ್ವೇನೇ ನೀನು? ಅಮ್ಮ ತೀರಿಹೋದಾಗ ಒಂದು ಮಾತು ತಿಳಿಸ್ಲಿಲ್ವಲ್ಲೇ ನಂಗೆ!"

ಮೇಡಂ ತಿರುಗಿದರು. "ಇವರು ನಿಂಗೆ ಪರಿಚಯಾನಾ?"

"ಇಲ್ಲ ಮೇಡಂ. ಬೇರೆ ಯಾರೋ ಅಂದ್ಕೊಂಡಿರ್ಬೇಕು."

ದೊಡ್ಡಮ್ಮ ನನ್ನ ಮುಖವನ್ನೇ ನೋಡಿದಳು. ನೀನಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವಳು, "ಹೌದು ಮೇಡಂ, ಕಣ್ಣು ಮಂಜಾಗಿದೆ ನಂಗೆ. ಆ ಹುಡುಗಿ ಬೇರೆ," ಎಂದು ನನ್ನ ಕೈಯಲ್ಲಿದ್ದ ಬ್ರಷ್ ತೆಗೆದುಕೊಂಡು ಹೋದಳು.

"ನಿಂಗೇನನ್ನಿಸ್ತು ಇವತ್ತು?" ಎಂದು ಮೇಡಂ ಕೇಳಿದರು. ಇಂಥವರ ಕಷ್ಟ ಮೊದಲ ಸಲ ಅರ್ಥವಾಯಿತು ಎಂದೆ. ನನಗೂ ಚಪ್ಪಾಳೆ ಬಿತ್ತು.

ತರಗತಿ ಮುಗಿದಾಗ, ನಾವು ತೊಳೆದದ್ದನ್ನೆಲ್ಲ ದೊಡ್ಡಮ್ಮ ಒಬ್ಬಳೇ ಮತ್ತೆ ತೊಳೆಯುತ್ತಿದ್ದಳು. ಮಾತನಾಡಿಸೋಣವೆಂದು ಬಾಗಿಲವರೆಗೆ ಹೋದೆ. ಅವಳು ತಲೆಯೆತ್ತಲಿಲ್ಲ.

"ನೆಲ ಒದ್ದೆಯಿದೆ, ಜಾರುತ್ತೆ. ಆ ಕಡೆಯಿಂದ ಹೋಗಿ ಮೇಡಂ," ಎಂದಳು.