ನೋಡದ ಮಗುವಿಗೆ ಹಸಿರು ಪ್ರಮಾಣಪತ್ರ

ಶಿಶು ಬೆಳವಣಿಗೆ ತಪಾಸಣಾ ಕೇಂದ್ರದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ತಮ್ಮ ಕೇಂದ್ರವು ನನ್ನ ದೊಡ್ಡ ಮಗಳನ್ನು ಪರೀಕ್ಷಿಸಿ ‘ಬೆಳವಣಿಗೆಯಲ್ಲಿ ಹಿಂದಿದೆ’ ಎಂದು ಬರೆಯಿತು. ಅದೇ ದಿನ ಮಧ್ಯಾಹ್ನ ಎರಡೂವರೆಗೆ ಚಿಕ್ಕ ಮಗಳನ್ನು ಪರೀಕ್ಷಿಸಿ ‘ವಯಸ್ಸಿಗೆ ತಕ್ಕಂತಿದೆ’ ಎಂದು ಹಸಿರು ಪ್ರಮಾಣಪತ್ರ ಕೊಟ್ಟಿತು. ಎರಡು ಸಲವೂ ನಾನು ಹೊತ್ತು ತಂದದ್ದು ಒಂದೇ ಮಗುವನ್ನು, ದೊಡ್ಡವಳನ್ನು. ಚಿಕ್ಕವಳನ್ನು ತಮ್ಮ ಕೇಂದ್ರದಲ್ಲಿ ಇವತ್ತಿನವರೆಗೆ ಯಾರೂ ನೋಡಿಲ್ಲ. ಈಗ ನೋಡಿ ಎಂದು ಅಂಗಲಾಚಿದರೂ ನೋಡುತ್ತಿಲ್ಲ. ದೂರು ಇಷ್ಟೇ. ಇದರಲ್ಲಿ ನನ್ನ ತಪ್ಪೆಷ್ಟು, ತಮ್ಮ ತಪ್ಪೆಷ್ಟು ಎಂದು ಹೇಳಲು ಮಾತ್ರ ಸ್ವಲ್ಪ ಜಾಗ ಬೇಕು. ನಿದ್ದೆಗೆಟ್ಟವನ ಬರಹ, ಅಲ್ಲಲ್ಲಿ ತೂಕಡಿಸಿದರೆ ಕ್ಷಮಿಸಬೇಕು.

ನನ್ನ ಕಸುಬು ತಕ್ಕಡಿ ರಿಪೇರಿ. ಅಂಗಡಿಯ ಮೇಜಿನ ಮೇಲೆ ಕೂರುವ ತಕ್ಕಡಿಯಿಂದ ಹಿಡಿದು ಗೋದಾಮಿನಲ್ಲಿ ಲಾರಿ ತೂಗುವ ಯಂತ್ರದವರೆಗೆ ಎಲ್ಲವನ್ನೂ ಬಿಚ್ಚಿ ಸರಿ ಮಾಡಿದ್ದೇನೆ. ಈ ಕೆಲಸದಲ್ಲಿ ಮೊದಲ ದಿನ ಕಲಿಯುವುದು ಒಂದೇ: ತಟ್ಟೆ ಖಾಲಿ ಇದ್ದಾಗ ಮುಳ್ಳು ಸೊನ್ನೆಯ ಮೇಲಿದೆಯೇ ನೋಡು. ಅಲ್ಲಿ ತಪ್ಪಿದರೆ ಆಮೇಲೆ ತೂಗಿದ್ದೆಲ್ಲ ತಪ್ಪು. ನನ್ನ ಮಕ್ಕಳ ವಿಷಯದಲ್ಲಿ ತಾವು ಸೊನ್ನೆಯನ್ನು ಐದು ವಾರ ತಪ್ಪಾಗಿ ಇಟ್ಟುಕೊಂಡು ಕೂತಿದ್ದೀರಿ. ಅವರು ಅವಳಿ ಮಕ್ಕಳು. ಇಬ್ಬರಿಗೆ ಜಾಗ ಸಾಲದ ಕಡೆ ಕಾದು ಕೂರುವ ತಾಳ್ಮೆ ಅವರಿಗಿರಲಿಲ್ಲ, ಮೂವತ್ತೈದನೆಯ ವಾರಕ್ಕೇ, ಐದು ವಾರ ಮುಂಚೆ, ಬಂದುಬಿಟ್ಟರು. ದೊಡ್ಡವಳು ಮೊದಲು, ಹನ್ನೊಂದು ನಿಮಿಷದ ನಂತರ ಚಿಕ್ಕವಳು. ದೊಡ್ಡವಳನ್ನು ಮನೆಯಲ್ಲಿ ಗುಂಡಮ್ಮ ಎನ್ನುತ್ತೇವೆ, ಚಿಕ್ಕವಳನ್ನು ಚಿಣ್ಣಿ. ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಮಕ್ಕಳ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: “ಎರಡು ವರ್ಷ ತುಂಬೋವರೆಗೂ ಹುಟ್ಟಿದ ದಿನದಿಂದ ಲೆಕ್ಕ ಹಾಕ್ಬೇಡಿ. ಹುಟ್ಟಬೇಕಾಗಿದ್ದ ದಿನದಿಂದ ಹಾಕಿ. ಕೂರೋದು, ಅಂಬೆಗಾಲಿಡೋದು, ನಿದ್ದೆ, ಎಲ್ಲಾ ಹಾಗೇ. ಪಕ್ಕದ್ಮನೆ ಮಗು ಕಡೆ ನೋಡ್ಕೊಂಡು ತಲೆ ಕೆಡಿಸ್ಕೋಬೇಡಿ.”

ಪಕ್ಕದ ಮನೆಯ ಮಗುವಿನ ಕಡೆ ನೋಡದೆ ಇರಬಹುದು. ತಮ್ಮ ಕಂಪ್ಯೂಟರಿನಿಂದ ತಪ್ಪಿಸಿಕೊಳ್ಳುವುದು ಹೇಗೆ? ಅದರಲ್ಲಿ ಹುಟ್ಟಿದ ದಿನಾಂಕಕ್ಕೆ ಒಂದು ಚೌಕವಿದೆ, ಹುಟ್ಟಬೇಕಾಗಿದ್ದ ದಿನಾಂಕಕ್ಕೆ ಚೌಕವೇ ಇಲ್ಲ. ಆ ಮಂಗಳವಾರ ನನ್ನ ಮಕ್ಕಳಿಗೆ ತಮ್ಮ ಲೆಕ್ಕದಲ್ಲಿ ಎಂಟು ತಿಂಗಳು, ಡಾಕ್ಟರ ಲೆಕ್ಕದಲ್ಲಿ ಆರು ತಿಂಗಳು ಮೂರು ವಾರ. ದೊಡ್ಡವರಾದ ನಮಗೆ ಐದು ವಾರ ಏನೂ ಅಲ್ಲ, ತಮ್ಮ ಕಚೇರಿಯಲ್ಲಿ ಒಂದು ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಲು ಅಷ್ಟು ಬೇಕಾಗುತ್ತದೆ. ಆದರೆ ಆ ವಯಸ್ಸಿನ ಮಗು ಐದು ವಾರದಲ್ಲಿ ಬೇರೆಯೇ ಮಗುವಾಗಿರುತ್ತದೆ ಎಂಬುದನ್ನು ಶಿಶು ಕೇಂದ್ರದವರಿಗೆ ತಕ್ಕಡಿ ರಿಪೇರಿಯವನು ಹೇಳಿಕೊಡಬೇಕೆ?

ನಿದ್ದೆಯ ಮಾತಿಗೆ ಬರುತ್ತೇನೆ, ನಮ್ಮ ಮನೆಗೆ ಅದೊಂದು ಬರುವುದಿಲ್ಲ. ತಾವು ಹಂಚುವ ಕೈಪಿಡಿಯ ಏಳನೆಯ ಪುಟದಲ್ಲಿ, ಆರು ತಿಂಗಳು ತುಂಬಿದ ಮಗು ರಾತ್ರಿ ಪೂರ್ತಿ ಮಲಗುತ್ತದೆ, ಮಲಗದಿದ್ದರೆ ಪೋಷಕರು ತಮ್ಮ ಅಭ್ಯಾಸಗಳನ್ನು ತಿದ್ದಿಕೊಳ್ಳಬೇಕು ಎಂದಿದೆ. ತಿದ್ದಿಕೊಂಡೆವು ಸ್ವಾಮಿ. ದೀಪ ಆರಿಸಿದೆವು, ಮಾತು ಬಿಟ್ಟೆವು, ಮನೆಯಲ್ಲಿ ಕಳ್ಳರ ಹಾಗೆ ತುದಿಗಾಲಲ್ಲಿ ಓಡಾಡಿದೆವು. ನನ್ನ ಮಕ್ಕಳು ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಒಬ್ಬಳು ಕಣ್ಣು ಮುಚ್ಚಿದ ಕೂಡಲೇ ಇನ್ನೊಬ್ಬಳು ಅಧಿಕಾರ ವಹಿಸಿಕೊಳ್ಳುತ್ತಾಳೆ. ಇಬ್ಬರೂ ಒಟ್ಟಿಗೆ ಮಲಗುವುದು ದಿನಕ್ಕೊಮ್ಮೆ, ಮಧ್ಯಾಹ್ನ ಒಂದರಿಂದ ಸುಮಾರು ಎರಡೂವರೆವರೆಗೆ, ಅದೂ ಅವರ ಮನಸ್ಸು ಬಂದರೆ. ಆ ಒಂದೂವರೆ ಗಂಟೆಯಲ್ಲೇ ನನ್ನ ಹೆಂಡತಿ ಊಟ ಮಾಡಬೇಕು, ಸ್ನಾನ ಮಾಡಬೇಕು, ಮಲಗಬೇಕು, ಸಮಯ ಮಿಕ್ಕರೆ ಅಳಬೇಕು.

ಇಬ್ಬರನ್ನೂ ಒಟ್ಟಿಗೆ ಕರೆತರುತ್ತೇವೆ, ಒಂದೇ ಹೊತ್ತು ಕೊಡಿ ಎಂದು ನಾವು ಕೇಳಿದ್ದೆವು. ಒಂದೇ ಹೊತ್ತಿನಲ್ಲಿ ಅದೇ ತಂದೆ, ಅದೇ ತಾಯಿ, ಅದೇ ಹುಟ್ಟಿದ ದಿನ ಕಂಡರೆ ಕಂಪ್ಯೂಟರು ಒಂದೇ ಮಗುವನ್ನು ಎರಡು ಸಲ ಬರೆದಿದ್ದಾರೆಂದು ತಿಳಿದು ಒಂದನ್ನು ಅಳಿಸಿಹಾಕುತ್ತದಂತೆ. ಆದ್ದರಿಂದ ಗುಂಡಮ್ಮನಿಗೆ ಒಂಬತ್ತೂವರೆ, ಚಿಣ್ಣಿಗೆ ಎರಡೂವರೆ.

ಬೆಳಿಗ್ಗೆ ಗುಂಡಮ್ಮನನ್ನು ಎತ್ತಿಕೊಂಡು ಬಂದೆ. ಹಿಂದಿನ ರಾತ್ರಿಯ ಪಾಳಿ ಅವಳದೇ ಆಗಿತ್ತು. ತಮ್ಮ ಬೆಂಚಿನ ಮೇಲೆ ಐವತ್ತು ನಿಮಿಷ ಕಾದೆವು. ಒಳಗೆ ಹೋಗುವ ಹೊತ್ತಿಗೆ ಅವಳು ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಕಾಲರ್ ಕಚ್ಚುತ್ತಿದ್ದಳು. ಗಿಲಕಿ ತೋರಿಸಿದರೆ ಮುಖ ತಿರುಗಿಸಿದಳು. ಚಾಪೆಯ ಮೇಲೆ ಕೂರಿಸಿದರೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿರುಚಿದಳು. ಮನೆಯಲ್ಲಿ ಚೆನ್ನಾಗಿ ಕೂರುತ್ತಾಳೆ, ಇವತ್ತು ನಿದ್ದೆಯಿಲ್ಲ ಎಂದೆ. ಪರೀಕ್ಷಕಿ ತಲೆಯೆತ್ತದೆ, “ಎಲ್ಲರೂ ಅದನ್ನೇ ಹೇಳ್ತಾರೆ ಸರ್” ಎಂದರು. ಎಲ್ಲರೂ ಹೇಳುವುದರಲ್ಲಿ ಏನಾದರೂ ನಿಜವಿರಬಹುದೇ ಎಂದು ಅವರಿಗೆ ಅನ್ನಿಸಲಿಲ್ಲ.

ಬಸ್ಸಿನಲ್ಲಿ ಗುಂಡಮ್ಮ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಕೆಳಗಿಳಿಸಿದರೆ ಎಲ್ಲಿ ಏಳುತ್ತಾಳೋ ಎಂದು ಒಂದು ಸ್ಟಾಪು ಮುಂದೆ ಹೋಗಿ, ಅಲ್ಲಿನ ನಿಲ್ದಾಣದಲ್ಲೇ ಕೂತು, ನಿಧಾನವಾಗಿ ನಡೆದು ಮನೆ ಸೇರಿದಾಗ ಒಂದೂ ಕಾಲು. ಒಳಗೆ ಚಿಣ್ಣಿ ಮಲಗಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ ಬರೀ ನೆಲದ ಮೇಲೆ, ತಲೆಗೆ ಮಡಚಿದ ಟವೆಲ್ ಇಟ್ಟುಕೊಂಡು, ಒಂದು ಕೈ ಮಗುವಿನ ಹೊಟ್ಟೆಯ ಮೇಲಿಟ್ಟು ಮಲಗಿದ್ದಳು. ಎಬ್ಬಿಸಲು ಎರಡು ಸಲ ಬಗ್ಗಿದೆ. ಆಗಲಿಲ್ಲ. ನಿದ್ದೆ ಮುಗಿಸಿ ನಗುತ್ತಿದ್ದ ಗುಂಡಮ್ಮನಿಗೆ ಹಾಲು ಕುಡಿಸಿ, ಬೇರೆ ಅಂಗಿ ತೊಡಿಸಿ, ಚಿಣ್ಣಿಯ ಕಾರ್ಡನ್ನು ಜೇಬಿಗಿಟ್ಟುಕೊಂಡು ಹೊರಟುಬಿಟ್ಟೆ. ಅಂಗಿ ಬದಲಾಯಿಸಿದ್ದನ್ನು ಮರೆಮಾಚುವುದಿಲ್ಲ. ಅದು ಶುದ್ಧ ಕಳ್ಳತನ.

ಎರಡೂವರೆಗೆ ಅದೇ ಕೋಣೆ, ಅದೇ ಚಾಪೆ, ಅದೇ ಪರೀಕ್ಷಕಿ. ಗುಂಡಮ್ಮ ಗಿಲಕಿ ಕಸಿದುಕೊಂಡಳು, ನೆಟ್ಟಗೆ ಕೂತಳು, ಅವರ ಪೆನ್ನಿಗೂ ಕೈ ಹಾಕಿದಳು. “ಬೆಳಿಗ್ಗೆ ಬಂದಿದ್ದಳಲ್ಲ, ಅವಳ ತಂಗಿನಾ?” ಎಂದು ಅವರು ಬಾಯ್ತುಂಬ ನಕ್ಕರು. “ಇವಳು ನೋಡಿ ಎಷ್ಟು ಚುರುಕು! ಅಕ್ಕನ ಹಾಗಲ್ಲ.” ಆಮೇಲೆ ತೂಕ. ಹಿಂದಿನ ತಿಂಗಳು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿದಾಗ ಚಿಣ್ಣಿಯ ಕಾರ್ಡಿನಲ್ಲಿ ಆರು ಕಿಲೋ ನೂರು ಗ್ರಾಂ ಎಂದಿತ್ತು. ಈಗ ತಮ್ಮ ತಕ್ಕಡಿ ಏಳು ಕಿಲೋ ಮುನ್ನೂರು ತೋರಿಸಿತು. ನಾಲ್ಕು ವಾರದಲ್ಲಿ ಒಂದು ಕಿಲೋ ಇನ್ನೂರು ಗ್ರಾಂ ಏರಿದ ಮಗುವನ್ನು ಕಂಡು ಯಾರಾದರೂ ಬೆಚ್ಚಿಬೀಳಬೇಕಿತ್ತು. ಅವರು ‘ತೂಕದ ಏರಿಕೆ ಉತ್ತಮ’ ಎಂದು ಬರೆದರು. ಅಂದಹಾಗೆ ಆ ತಕ್ಕಡಿ ಖಾಲಿ ಇದ್ದಾಗಲೇ ನಲವತ್ತು ಗ್ರಾಂ ತೋರಿಸುತ್ತದೆ. ಅವತ್ತು ಅದನ್ನು ಹೇಳುವ ಮುಖ ನನಗಿರಲಿಲ್ಲ.

ಒಂಬತ್ತು ದಿನಗಳ ನಂತರ ಎರಡು ಲಕೋಟೆ ಒಟ್ಟಿಗೆ ಬಂದವು. ಗುಂಡಮ್ಮನನ್ನು ವಾರಕ್ಕೊಮ್ಮೆ ವಿಶೇಷ ತರಬೇತಿಗೆ ಕರೆತರಬೇಕು. ಚಿಣ್ಣಿಗೆ ಹಸಿರು ಪ್ರಮಾಣಪತ್ರ, ಏನೂ ಬೇಕಿಲ್ಲ, ಹದಿನೆಂಟು ತಿಂಗಳು ತುಂಬಿದ ಮೇಲೆ ಬಂದರೆ ಸಾಕು. ನನ್ನ ಹೆಂಡತಿ ಎರಡನ್ನೂ ಓದಿ, ಮತ್ತೊಮ್ಮೆ ಓದಿ, ನನ್ನ ಕಡೆ ನೋಡಿದಳು.

“ಚಿಣ್ಣಿ ಕೂತಳು ಅಂತ ಬರೆದಿದ್ದಾರೆ.”

ನಾನು ಖಾಲಿ ಲಕೋಟೆಗಳನ್ನು ಮಡಚತೊಡಗಿದೆ.

“ಅವಳು ಇನ್ನೂ ಕೂರಲ್ಲ ಅಲ್ವಾ? ನೀವು ಯಾರನ್ನ ಕರ್ಕೊಂಡು ಹೋಗಿದ್ರಿ?”

ಹೇಳಿದೆ. ನೀವಿಬ್ಬರೂ ಮಲಗಿದ್ದಿರಿ, ಎಬ್ಬಿಸಲು ಮನಸ್ಸಾಗಲಿಲ್ಲ ಎಂದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಸಲೀಸಾಗುತ್ತಿತ್ತು.

“ನಿದ್ದೆ ಕೆಡುತ್ತೆ ಅಂತ ಅಲ್ಲ,” ಎಂದಳು. “ನಿಮಗೆ ಭಯ. ಅವಳನ್ನ ಕರ್ಕೊಂಡು ಹೋದ್ರೆ ಅವರು ಏನಾದ್ರೂ ಹೇಳಿಬಿಡ್ತಾರೆ ಅಂತ. ನನಗೂ ಭಯಾನೇ. ಅದಕ್ಕೇ ನಾನು ಅವತ್ತು ಎಚ್ಚರ ಆದಾಗ ಮೂರು ಗಂಟೆ, ಚಿಣ್ಣಿ ಇಲ್ಲೇ ಇದಾಳೆ, ನೀವಿಲ್ಲ, ಆದ್ರೂ ಇಷ್ಟು ದಿನ ಒಂದು ಮಾತೂ ಕೇಳ್ಲಿಲ್ಲ.”

ಮಾನ್ಯರೇ, ಅವಳು ಹೇಳಿದ್ದು ನಿಜ. ಗುಂಡಮ್ಮ ಕೂರಲು ಕಲಿತು ಎರಡು ತಿಂಗಳಾಗುತ್ತ ಬಂದಿದೆ. ಚಿಣ್ಣಿಯನ್ನು ಕೂರಿಸಿ ಕೈ ಬಿಟ್ಟರೆ ಎಡಗಡೆಗೆ ವಾಲುತ್ತಾಳೆ, ಪ್ರತಿ ಸಲವೂ ಎಡಗಡೆಗೇ. ಬಲಗೈಯಿಂದ ಮಾತ್ರ ಸಾಮಾನು ಹಿಡಿಯುತ್ತಾಳೆ. ಇದು ಐದು ವಾರದ ವಿಷಯವೋ, ಅವಳಿಯಲ್ಲಿ ಚಿಕ್ಕವಳಾದ ವಿಷಯವೋ, ಅಥವಾ ಇವತ್ತೇ ಯಾರಾದರೂ ನೋಡಬೇಕಾದ ವಿಷಯವೋ ನನಗೆ ಗೊತ್ತಿಲ್ಲ. ಗೊತ್ತಿರುವವರು ತಮ್ಮ ಕೇಂದ್ರದಲ್ಲಿದ್ದಾರೆ ಎಂದು ಹೊರಗಿನ ಫಲಕ ಹೇಳುತ್ತದೆ. ನಾನು ಹೆದರಿ ಮಾಡಿದ ಕೆಲಸಕ್ಕೆ ಮಗು ಹತ್ತು ತಿಂಗಳು ಕಾಯಬೇಕಾಗಿದೆ.

ಮರುದಿನವೇ ಚಿಣ್ಣಿಯನ್ನು ಎತ್ತಿಕೊಂಡು ತಮ್ಮ ಕೌಂಟರಿಗೆ ಬಂದು ಎಲ್ಲವನ್ನೂ ಒಪ್ಪಿಕೊಂಡೆ. ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಸರಿ ಇದೆ ಅಂತ ಬಂದಿರೋ ಮಗುನ ಮತ್ತೆ ಯಾಕೆ ನೋಡ್ಬೇಕು? ಜನ ಇದರ ಉಲ್ಟಾ ಕೇಳ್ಕೊಂಡು ಬರ್ತಾರೆ.” ಅವತ್ತು ಬಂದದ್ದು ಈ ಮಗುವಲ್ಲ ಎಂದೆ. “ಅದಕ್ಕೇನು ದಾಖಲೆ?” ಎಂದರು. ದಾಖಲೆ ನನ್ನ ತೊಡೆಯ ಮೇಲೇ ಎಡಕ್ಕೆ ವಾಲಿ ಕೂತಿತ್ತು. ಅವರು ಅದನ್ನು ನೋಡಲಿಲ್ಲ, ಪರದೆಯನ್ನು ನೋಡಿದರು. ಡಾಕ್ಟರ ಬಳಿ ಹೋದರೆ, ತಜ್ಞರಿಗೆ ಕಳಿಸಲು ಕೇಂದ್ರದ ಚೀಟಿಯೇ ಬೇಕು, ಹಸಿರು ಪ್ರಮಾಣಪತ್ರ ಇರುವವರೆಗೆ ತಾನೇನೂ ಮಾಡುವಂತಿಲ್ಲ ಎಂದರು. ಮೂರು ವಾರದಲ್ಲಿ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕಕ್ಕೂ ಒಂದೇ ಉತ್ತರ ಬಂತು: ತಮ್ಮ ಮಗು ಆರೋಗ್ಯವಾಗಿದೆ, ಅಭಿನಂದನೆಗಳು. ಈ ಅಭಿನಂದನೆಯನ್ನು ಎಲ್ಲಿಟ್ಟುಕೊಳ್ಳಲಿ?

ನಾನು ಸುಳ್ಳು ಹೇಳಿದ್ದೇನೆ, ಶಿಕ್ಷೆ ಏನಿದೆಯೋ ವಿಧಿಸಿ. ಆದರೆ ಒಂದು ಮಾತು ಕೇಳುತ್ತೇನೆ. ಒಂದೇ ಮಗು, ನಡುವೆ ಸ್ವಲ್ಪ ನಿದ್ದೆ. ಅಷ್ಟಕ್ಕೇ ಬೆಳಿಗ್ಗೆ ಹಿಂದಿದ್ದವಳು ಮಧ್ಯಾಹ್ನಕ್ಕೆ ಚುರುಕಾದಳು ಎಂದರೆ ತಾವು ಅಳೆದದ್ದು ಏನನ್ನು? ನಿದ್ದೆಗೆಟ್ಟು ಬಂದು ‘ಹಿಂದಿದೆ’ ಎಂದು ಬರೆಸಿಕೊಂಡ ಮಕ್ಕಳೆಷ್ಟು, ನಮ್ಮಂಥ ಹೆದರುಪುಕ್ಕಲು ಅಪ್ಪಂದಿರ ದೆಸೆಯಿಂದ ನೋಡಿಸಿಕೊಳ್ಳದೇ ಉಳಿದ ಮಕ್ಕಳೆಷ್ಟು? ಅವಧಿಗೆ ಮುಂಚೆ ಹುಟ್ಟಿದವರಿಗಾಗಿ ಕಂಪ್ಯೂಟರಿನಲ್ಲಿ ಇನ್ನೊಂದು ಚೌಕ ಹಾಕಿಸಿ. ಅವಳಿಗಳನ್ನು ಒಟ್ಟಿಗೆ ಕರೆಯಿರಿ. ನಿದ್ದೆ ಬಂದ ಮಗುವನ್ನು ಅವತ್ತು ಪರೀಕ್ಷಿಸಬೇಡಿ, ಇನ್ನೊಂದು ದಿನ ಕೊಡಿ. ಇವೆಲ್ಲ ನಿಧಾನವಾಗಿ ಆಗಲಿ, ತಮ್ಮ ವೇಗ ನನಗೆ ಗೊತ್ತು. ಒಂದು ಮಾತ್ರ ನಿಧಾನವಾಗಬಾರದು. ಚಿಣ್ಣಿಯನ್ನು ನೋಡಿ. ಏನೂ ಇಲ್ಲದಿದ್ದರೆ ಇಲ್ಲ ಎನ್ನಿ, ಇದ್ದರೆ ಇದೆ ಎನ್ನಿ. ಕೇಳಿಸಿಕೊಳ್ಳಲು ಈಗ ನಾವಿಬ್ಬರೂ ತಯಾರಾಗಿದ್ದೇವೆ.

ಹಸಿರು ಪ್ರಮಾಣಪತ್ರವನ್ನು ಈ ಪತ್ರದ ಜೊತೆ ಹಿಂತಿರುಗಿಸುತ್ತಿದ್ದೇನೆ. ಸೋಮವಾರ ಚಿಣ್ಣಿಯನ್ನು ಕರೆದುಕೊಂಡು ಬರುತ್ತೇವೆ, ಅವಳ ಅಮ್ಮ ಮತ್ತು ನಾನು. ಬೆಂಚಿನ ಮೇಲೆ ಕೂತಿರುತ್ತೇವೆ, ಯಾರಾದರೂ ನೋಡುವವರೆಗೆ ಏಳುವುದಿಲ್ಲ. ಎಷ್ಟು ಗಂಟೆಗೆ ಎಂದು ಹೇಳಲಾರೆ. ಅವಳು ಮಲಗಿ ಎದ್ದ ಮೇಲೆ ಬರುತ್ತೇವೆ.

ಇಂತಿ,
ಮಗಳ ಬದಲು ಮಗಳನ್ನು ತೋರಿಸಿ ಬಂದ,
ಅದಕ್ಕಾಗಿ ಇನ್ನೂ ಕ್ಷಮೆ ಸಿಗದ
ಒಬ್ಬ ತಕ್ಕಡಿ ರಿಪೇರಿಯವನು