ಐದು ಕೈ ದಾಟದ ಚೆಂಡು

ಮಂಡ್ಯ
ಫೆಬ್ರವರಿ ಮೂವತ್ತು, 2119

ನಮ್ಮ ಕಾಲೇಜಿನ ಅಂಗಳದಲ್ಲಿ ಇವತ್ತು ಬ್ಯಾಸ್ಕೆಟ್‌ಬಾಲ್ ಆಡುತ್ತಿರುವ ಹುಡುಗಿಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ದೇವೀರಮ್ಮ, ನಿಮಗಿಂತ ಸುಮಾರು ನೂರು ವರ್ಷ ಮುಂದೆ, ನಿಮ್ಮದೇ ತಂಡದ ಕೋಚ್. ಹೆಸರು ಕೇಳಿ ನಗಬೇಡಿ, ಈಗ ಇಂಥವೇ ಫ್ಯಾಷನ್. ನಿಮ್ಮಿಂದ ಒಂದು ಉಪಕಾರವಾಗಬೇಕು. ಕೇಳುವುದಕ್ಕೇ ನಾಚಿಕೆಯಾಗುತ್ತಿದೆ.

ನಿಮ್ಮಲ್ಲಿ 'ಐದು ಕೈ' ಎಂಬ ವಾಡಿಕೆಯಿದೆ. ಪಂದ್ಯದ ಮೊದಲ ಚೆಂಡು ಐವರ ಕೈ ದಾಟಿದ ಮೇಲೆಯೇ ಬುಟ್ಟಿಗೆ ಹೋಗಬೇಕು. ನಿಮ್ಮ ಅಜ್ಜಿಯರ ಕಾಲದಲ್ಲಿ ಎತ್ತರದವಳು ರಿಂಗಿನ ಕೆಳಗೆ ನಿಲ್ಲುತ್ತಿದ್ದಳಂತೆ, ಉಳಿದವರು ಅವಳಿಗೆ ಚೆಂಡು ಮುಟ್ಟಿಸುತ್ತಿದ್ದರಂತೆ. ನಿಮ್ಮ ಕಾಲಕ್ಕೆ ಎಲ್ಲರೂ ಮೂರು ಪಾಯಿಂಟಿನ ಗೆರೆಯಾಚೆ ಸರಿದಿರಿ. ಆಮೇಲೆ ನಾಲ್ಕರ ಗೆರೆ ಬಂತು, ಅದರ ಹಿಂದೆಯೇ ಮಿಡಿಪಟ್ಟಿ. ಮಣಿಕಟ್ಟಿಗೆ ಕಟ್ಟುವ ಈ ಪಟ್ಟಿ, ಎಸೆದರೆ ಬುಟ್ಟಿಗೆ ಬೀಳುತ್ತದೆ ಎನ್ನುವ ಗಳಿಗೆಯಲ್ಲಿ ಮಿಡಿಯುತ್ತದೆ. ಮಿಡಿದರೆ ಎಸೆಯುವುದು, ಅಷ್ಟೇ ಆಟ. ಅರ್ಧ ಅಂಗಳದಿಂದಲೇ ಎಸೆಯುತ್ತೇವೆ, ಗೆಲ್ಲುತ್ತಲೂ ಇದ್ದೇವೆ. ರಿಂಗಿನ ಕೆಳಗೆ ಬಣ್ಣ ಬಳಿದ ಚೌಕ ಯಾಕಿದೆ ಎಂದು ಹೊಸಬರು ಕೇಳಿದರೆ, ಅಲಂಕಾರಕ್ಕೆ ಎಂದು ನಾನೇ ಹೇಳಿಬಿಟ್ಟಿದ್ದೇನೆ.

ಇಲ್ಲಿ ಚಾರ್ವಿ ಅಜ್ಜಿ ಎಂಬವರಿದ್ದಾರೆ. ಐದು ಕೈ ಆಡಿದವರಲ್ಲಿ ಈಗ ಉಳಿದಿರುವವರು ಅವರೊಬ್ಬರೇ, ಆರೋಗ್ಯವೂ ಸರಿಯಿಲ್ಲ. ಕಣ್ಣು ಮುಚ್ಚುವ ಮೊದಲು ಅದನ್ನೊಮ್ಮೆ ನೋಡಬೇಕೆಂದು ಆಸೆಪಟ್ಟರು. ಅದೇನು ಮಹಾ ಎಂದು ಒಪ್ಪಿಕೊಂಡೆ. ಊರೆಲ್ಲ ಸೇರಿತು. ಹುಡುಗಿಯರ ಪಟ್ಟಿ ಬಿಚ್ಚಿಸಿದೆವು. ಎರಡು ಕೈ ದಾಟಿದ ಚೆಂಡು ಮೂರನೆಯವಳಾದ ನಿಂಗಮ್ಮನ ಕಿವಿಗೆ ಬಡಿಯಿತು. ಅವಳು ರಿಂಗನ್ನೇ ನೋಡುತ್ತಿದ್ದಳು. ಮತ್ತೆ ಮತ್ತೆ ಆಡಿಸಿದೆ, ಮೂರನೆಯ ಕೈ ದಾಟಲೇ ಇಲ್ಲ. ಜನ ಮೊದಲು ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಜ್ಜಿ ಗಾಲಿಕುರ್ಚಿಯನ್ನು ಒಳಗೆ ತಳ್ಳಿಸಿಕೊಂಡು ಬಂದು ಚೆಂಡಿಗಾಗಿ ನನ್ನತ್ತ ಕೈ ಚಾಚಿದರು. "ಯಾರೂ ಯಾರ ಮುಕನೂ ನೋಡಾಕಿಲ್ವಲ್ಲವ್ವ," ಎಂದರು. ನಾನು ಮೆಲ್ಲಗೆ ಎಸೆದೆ. ಚೆಂಡು ಅವರ ಕೈಯಲ್ಲಿ ನಿಲ್ಲದೆ ಜಾರಿಹೋಯಿತು. ಆದರೆ ಅದು ನನ್ನ ಕೈ ಬಿಡುವ ಮೊದಲೇ ಅವರ ಕಣ್ಣು ನಿಂಗಮ್ಮನ ಮೇಲಿತ್ತು.

ನಮ್ಮಲ್ಲಿ ಉಳಿದಿರುವ ನಿಮ್ಮ ವಿಡಿಯೋಗಳನ್ನೆಲ್ಲ ತಡಕಾಡಿದೆ. ಎಲ್ಲವೂ ಚೆಂಡು ಬುಟ್ಟಿಗೆ ಹೊರಡುವಲ್ಲಿಂದಲೇ ಶುರು. ಅದಕ್ಕೆ ಮೊದಲಿನದನ್ನು ಬೇಡವೆಂದು ಕತ್ತರಿಸಿದ್ದೀರಿ. ದಯವಿಟ್ಟು ಒಂದು ಪಂದ್ಯವನ್ನಾದರೂ ಇಡಿಯಾಗಿ ಉಳಿಸಿ. ಕ್ಯಾಮೆರಾವನ್ನು ಒಮ್ಮೆ ಚೆಂಡಿಲ್ಲದವಳ ಕಡೆ ತಿರುಗಿಸಿ.

ಯುಗಾದಿಗೆ ಮತ್ತೆ ಬರುತ್ತೇನೆ ಎಂದಿದ್ದಾರೆ ಅಜ್ಜಿ. ನಿಂಗಮ್ಮ ದಿನಾ ಪಟ್ಟಿ ಬಿಚ್ಚಿಟ್ಟು ಅಭ್ಯಾಸಕ್ಕೆ ಬರುತ್ತಾಳೆ. ಚೆಂಡು ಬರುವ ಮೊದಲು ಯಾರನ್ನು ನೋಡಲಿ ಮೇಡಂ ಎಂದು ಕೇಳುತ್ತಾಳೆ. ನನಗೆ ಗೊತ್ತಿಲ್ಲ.

ನಿಮ್ಮ,
ದೇವೀರಮ್ಮ